ತಾತನ ಕಾಲಿಗೆ ಎಷ್ಟನೇ ನಂಬರು?

ಮಕ್ಕಳೇ, ಈ ವಾರ ಮೊದಲು ನಿಮಗೊಂದು ಪ್ರಶ್ನೆ. ನಿಮ್ಮ ತಾತನ ಎರಡು ಪಾದಗಳಲ್ಲಿ ಯಾವುದು ದೊಡ್ಡದು? ಹಬ್ಬ ಬಂದಾಗಲೆಲ್ಲ ಆ ಕಾಲಿಗೆ ನಮಸ್ಕಾರ ಮಾಡುತ್ತೀರಿ, ಆಶೀರ್ವಾದದ ಜೊತೆ ಐವತ್ತೋ ನೂರೋ ರೂಪಾಯಿ ಗಿಟ್ಟಿಸಿಕೊಳ್ಳುತ್ತೀರಿ. ಆದರೆ ಪಾದವನ್ನು ಸರಿಯಾಗಿ ನೋಡಿದವರು ಎಷ್ಟು ಜನ? ಬಹಳ ಮಂದಿಗೆ ಎರಡು ಪಾದ ಒಂದೇ ಸಮ ಇರುವುದಿಲ್ಲ. ಒಂದು ಕೂದಲೆಳೆಯಷ್ಟಾದರೂ ಉದ್ದ, ಇಲ್ಲವೇ ಅಗಲ.

ಈಗ ಮದುವೆಯ ಕಾಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಲ್ಯಾಣ ಮಂಟಪಗಳೆಲ್ಲ ದೀಪ ಹಚ್ಚಿಕೊಂಡು ನಿಂತಿವೆ. ವರ್ಷವಿಡೀ ಚಪ್ಪಲಿಯಲ್ಲೇ ಓಡಾಡುವ ತಾತನಿಗೆ ಮೊಮ್ಮಗಳ ಆರತಕ್ಷತೆಗೆಂದು ಸೂಟು ಹೊಲಿಸುತ್ತಾರೆ. ಸೂಟಿಗೆ ಚಪ್ಪಲಿ ಒಪ್ಪುವುದಿಲ್ಲವಾದ್ದರಿಂದ ಚರ್ಮದ ಶೂ ಬೇಕು. ಅಂಗಡಿಯವನು, ‘ಎಷ್ಟನೇ ನಂಬರು ಸಾರ್?’ ಎನ್ನುತ್ತಾನೆ. ತಾತ ಯೋಚನೆಯನ್ನೇ ಮಾಡದೆ, ‘ಏಳು’ ಎನ್ನುತ್ತಾರೆ. ಆ ಏಳು ಅವರು ಕೆಲಸಕ್ಕೆ ಸೇರಿದ ವರ್ಷದ ಏಳು!

ವಯಸ್ಸಾದಂತೆ ಪಾದದ ಮೂಳೆಗಳನ್ನು ಹಿಡಿದಿಟ್ಟ ಕಟ್ಟುಗಳು ಸಡಿಲವಾಗುತ್ತವೆ. ಪಾದದ ಕೆಳಗಿನ ಕಮಾನು ಸ್ವಲ್ಪ ಕುಸಿಯುತ್ತದೆ. ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಎತ್ತರ ನಿಂತ ಮೇಲೂ ಪಾದ ಬದಲಾಗುತ್ತದೆ ಎಂದರೆ ಮಕ್ಕಳಿಗೆ ನಗು ಬರಬಹುದು. ಆದರೆ ಐವತ್ತು ದಾಟಿದವರು ಪ್ರತಿಸಲ ಶೂ ಕೊಳ್ಳುವಾಗಲೂ ಹೊಸದಾಗಿ ಅಳತೆ ಕೊಡುವುದು ಒಳ್ಳೆಯದು.

ಅಂದ ಹಾಗೆ, ಈ ನಂಬರು ಬಂದದ್ದು ಎಲ್ಲಿಂದ? ಜವೆಗೋಧಿ ಕಾಳಿನಿಂದ. ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ ಮೂರು ಜವೆಕಾಳುಗಳನ್ನು ಉದ್ದುದ್ದ ಜೋಡಿಸಿದರೆ ಒಂದು ಇಂಚು. ಶೂವಿನ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಒಂದು ಕಾಳು, ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. (ನಮ್ಮ ಹಿರಿಯರೂ ಜವೆಕಾಳನ್ನೇ ಹಿಡಿದಿದ್ದರು. ಎಂಟು ಕಾಳನ್ನು ಅಡ್ಡಡ್ಡ ಜೋಡಿಸಿದರೆ ಒಂದು ಅಂಗುಲ.) ಮಕ್ಕಳ ನಂಬರು ನಾಲ್ಕು ಇಂಚಿನಿಂದ ಶುರುವಾಗಿ 13ರವರೆಗೆ ಹೋಗುತ್ತದೆ, ಆಮೇಲೆ ಮತ್ತೆ 1ರಿಂದ ಎಣಿಕೆ. ಶಾಲೆಯ ಶೂ 13 ಆಗಿದ್ದವನು ಮುಂದಿನ ವರ್ಷ 1 ಹಾಕಿಕೊಳ್ಳುವುದು ಇದಕ್ಕೇ. ದೊಡ್ಡವರ 8ನೇ ನಂಬರನ್ನು ಹೊಲಿಯುವ ಅಚ್ಚಿನ ಉದ್ದ 11 ಇಂಚು. ಯುರೋಪಿನವರು ಒಂದು ನಂಬರಿಗೆ ಸೆಂಟಿಮೀಟರಿನ ಮೂರನೇ ಎರಡು ಭಾಗ ಇಟ್ಟುಕೊಂಡಿದ್ದಾರೆ. ಅವರ 42 ಎಂದರೆ 28 ಸೆಂಟಿಮೀಟರ್. 11 ಇಂಚಿಗೆ ಎಷ್ಟು ಸೆಂಟಿಮೀಟರ್ ಎಂದು ನೀವೇ ಗುಣಿಸಿ ನೋಡಿ, ಪೆಟ್ಟಿಗೆಯ ಮೇಲೆ 8 ಮತ್ತು 42 ಎರಡನ್ನೂ ಯಾಕೆ ಅಚ್ಚು ಹಾಕಿರುತ್ತಾರೆಂದು ತಿಳಿಯುತ್ತದೆ.

ಈ ಲೆಕ್ಕದಲ್ಲಿ ಅಗಲದ ಮಾತೇ ಇಲ್ಲ, ಗಮನಿಸಿದಿರಾ? ಕೆಲವು ಕಂಪನಿಗಳು ಅಗಲಕ್ಕೆ ಬೇರೆ ಅಕ್ಷರ ಹಾಕುತ್ತವೆ, ಹೆಚ್ಚಿನವು ಹಾಕುವುದಿಲ್ಲ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಬೆರಳುಗಳು ಹರಡಿಕೊಂಡಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021–22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲವೆಂದು ಕಂಡುಕೊಂಡರು. ನಮ್ಮದೇ ಹೊಸ ಅಳತೆಗೆ ‘ಭಾ’ ಎಂಬ ಹೆಸರನ್ನೂ ಸೂಚಿಸಿದ್ದಾರೆ, ಭಾರತದ ಭಾ. ಅದು ಎಲ್ಲ ಅಂಗಡಿಗೂ ಬರುವವರೆಗೆ ನಮ್ಮ ಬೆರಳು, ನಮ್ಮ ಕಣ್ಣೇ ಅಳತೆಗೋಲು.

ಕಣ್ಣು ಯಾಕೆ ಬೇಕೆಂದು ನಮ್ಮ ಬೀದಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಹೋದ ವರ್ಷ ಹೊಸ ಶೂ ಹಾಕಿಕೊಂಡು ಮದುವೆಗೆ ಹೋಗಿ ಬಂದರು. ಮನೆಗೆ ಬಂದು ಕುರ್ಚಿಯಲ್ಲಿ ಕೂತಾಗ ಆರನೇ ಕ್ಲಾಸಿನ ಮೊಮ್ಮಗಳು ಕಾಲುಚೀಲದ ಮೇಲೆ ಕೆಂಪು ಕಲೆ ನೋಡಿ, ‘ತಾತ, ರಕ್ತ!’ ಎಂದು ಕೂಗಿದಳಂತೆ. ಕಿರುಬೆರಳಿನ ಪಕ್ಕ ಬೊಬ್ಬೆ ಬಂದು ಒಡೆದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ! ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಕಡಿಮೆಯಾಗಿತ್ತು. ಆ ಚಿಕ್ಕ ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಇಂಥ ಗಾಯ ಕೀವಾಗಿ, ಬೆರಳನ್ನೇ ತೆಗೆಯಬೇಕಾಗಿ ಬರುವುದೂ ಉಂಟು. ಹೆದರಿಸಲು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ‘ಶೂ ಕಚ್ಚುತ್ತಿಲ್ಲ’ ಎಂಬುದು ಶೂ ಸರಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ, ಅಷ್ಟೆ.

ಗಾಯ ಮಾಗಿದ ಮೇಲೆ, ‘ಮೇಷ್ಟ್ರೇ, ನೀವೂ ಬನ್ನಿ’ ಎಂದು ನನ್ನನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋದರು. ಹೊರಟದ್ದು ಸಂಜೆ ಐದರ ಮೇಲೆ. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಹಿತವಾದ ಶೂ ರಾತ್ರಿ ಎಂಟರ ಆರತಕ್ಷತೆಯಲ್ಲಿ ಬಿಗಿಯಬಹುದು. ಸೂಟಿಗೆ ಹಾಕುವ ಕಾಲುಚೀಲವನ್ನೇ ಮೊಮ್ಮಗಳು ಚೀಲದಲ್ಲಿ ಹಾಕಿಕೊಂಡಿದ್ದಳು. ಜೊತೆಗೆ ಒಂದು ಕಾಗದ. ಹಿಂದಿನ ದಿನ ಸಂಜೆ ತಾತನನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದಿದ್ದಳು. ಕೂರಿಸಿ ಬರೆದರೆ ಪ್ರಯೋಜನವಿಲ್ಲ. ಮೈಭಾರ ಬಿದ್ದಾಗಲೇ ಪಾದ ಹರಡುವುದು. ಎಡಗಾಲು ಉದ್ದ ಎಂದು ಗೊತ್ತಾದದ್ದು ಆಗಲೇ.

ಅಂಗಡಿಯಲ್ಲಿ ಮೊದಲ ಜೋಡಿ ಹಾಕಿದ ಕೂಡಲೇ ತಾತ, ‘ಸರಿಯಿದೆ, ಸರಿಯಿದೆ, ಬಿಲ್ ಮಾಡಿ’ ಎಂದುಬಿಟ್ಟರು. ತಾತಂದಿರ ಜಾತಿಯೇ ಹೀಗೆ. ಮಗನ ದುಡ್ಡು ಖರ್ಚಾಗುತ್ತದೆ, ಹುಡುಗ ನಾಲ್ಕು ಸಲ ಪೆಟ್ಟಿಗೆ ಇಳಿಸಬೇಕು ಎಂಬ ಸಂಕೋಚ. ಮೊಮ್ಮಗಳು ಶೂ ಬಿಚ್ಚಿಸಿ ಅದನ್ನು ತನ್ನ ಚಿತ್ರದ ಮೇಲಿಟ್ಟಳು. ಕಿರುಬೆರಳಿನ ಕಡೆ ಪೆನ್ಸಿಲ್ ಗೆರೆ ಅಟ್ಟೆಯಿಂದ ಆಚೆ ಇಣುಕುತ್ತಿತ್ತು. ಗಾಯವಾಗಿದ್ದ ಜಾಗವೂ ಅದೇ. ಅಂಗಡಿಯ ಹುಡುಗ, ‘ಲೆದರ್ ಅಲ್ವಾ ಪುಟ್ಟಿ, ಹಾಕ್ತಾ ಹಾಕ್ತಾ ಲೂಸಾಗುತ್ತೆ’ ಎಂದ. ಅರ್ಧ ನಿಜ. ಒಳ್ಳೆಯ ಚರ್ಮ ಅಗಲಕ್ಕೆ ತುಸು ಬಿಟ್ಟುಕೊಡುತ್ತದೆ, ಉದ್ದಕ್ಕೆ ಬಿಟ್ಟುಕೊಡುವುದಿಲ್ಲ. ಆ ತುಸುವಿಗಾಗಿ ಹದಿನೈದು ದಿನ ಕಾಲು ನೋಯಿಸಿಕೊಳ್ಳುವುದು ಎಂಥ ಜಾಣತನ?

ಎಂಟನೇ ನಂಬರು ತರಿಸಿದೆವು. ತಾತನನ್ನು ಎದ್ದು ನಿಲ್ಲಿಸಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯೇ ಎಂದು ಒತ್ತಿ ನೋಡಿದೆವು. ಇತ್ತು. ಆಮೇಲೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ: ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟಿದೆಯಲ್ಲ, ನಡೆಯುವಾಗ ಪಾದ ಮಡಿಯುವುದು ಅಲ್ಲಿ. ಶೂ ಅತಿ ಅಗಲವಾಗಿರುವುದೂ, ಮಡಿಯುವುದೂ ಅದೇ ಜಾಗದಲ್ಲಿ ಆಗಬೇಕು. ಗಂಟು ಒಂದು ಕಡೆ, ಮಡಿಕೆ ಒಂದು ಕಡೆ ಆದರೆ ಉದ್ದ ಸರಿಯಿದ್ದೂ ಶೂ ನಿಮ್ಮದಲ್ಲ. ಹಿಮ್ಮಡಿ ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ, ಪ್ರತಿ ಹೆಜ್ಜೆಗೂ ಕಳಚಿ ಬರುವಂತಿರಬಾರದು. ಹಾಸಿದ ಕಂಬಳಿಯ ಮೇಲಲ್ಲ, ಕಲ್ಲಿನ ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿದೆವು.

ದಾರ ಕಟ್ಟುವ ಶೂಗಳಲ್ಲಿ ಎರಡು ಬಗೆ. ಆಕ್ಸ್‌ಫರ್ಡ್ ಎಂಬುದರಲ್ಲಿ ದಾರದ ಎರಡು ರೆಕ್ಕೆಗಳು ಕೆಳಗೆ ಹೊಲಿದು ಸೇರಿರುತ್ತವೆ. ಡರ್ಬಿಯಲ್ಲಿ ಅವು ಬಿಡಿಯಾಗಿ ತೆರೆದುಕೊಳ್ಳುತ್ತವೆ. ಪಾದದ ಮೇಲ್ಭಾಗ ಎತ್ತರವಿದ್ದವರಿಗೆ, ಸಂಜೆ ಊದುವವರಿಗೆ ಡರ್ಬಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಮನೆ, ದೇವಸ್ಥಾನ, ಮಂಟಪ ಎಲ್ಲ ಕಡೆ ಬಾಗಿಲಲ್ಲೇ ಶೂ ಬಿಡಬೇಕಲ್ಲ, ಮಂಡಿ ನೋವಿನವರು ದಾರ ಬಿಚ್ಚದೆ ಹಿಂಭಾಗ ತುಳಿದು ಕಾಲು ತೂರಿಸುತ್ತಾರೆ. ಒಂದು ತಿಂಗಳಲ್ಲಿ ಹಿಮ್ಮಡಿಯ ಗಟ್ಟಿ ಚರ್ಮ ಮುರಿದು ಶೂ ಚಪ್ಪಲಿಯಾಗುತ್ತದೆ! ಬಾಗಿಲ ಬಳಿ ಒಂದು ಶೂ ಹಾರ್ನ್ ನೇತುಹಾಕಿ, ಇಲ್ಲದಿದ್ದರೆ ಹಳೆಯ ಸ್ಟೀಲ್ ಚಮಚದ ಹಿಡಿಯೂ ಆದೀತು. ಅಟ್ಟೆ ಮಾತ್ರ ರಬ್ಬರಿನದೇ ಇರಲಿ. ಚರ್ಮದ ಅಟ್ಟೆ ನೋಡಲು ಠೀವಿ, ಮಂಟಪದ ನುಣುಪು ಗ್ರಾನೈಟಿನ ಮೇಲೆ ಜಾರುತ್ತದೆ.

ಚರ್ಮವೋ ರೆಕ್ಸಿನ್ನೋ ಎಂದು ತಿಳಿಯಲು ಒಳಗಡೆ ಕತ್ತರಿಸಿದ ಅಂಚು ನೋಡಿ. ಚರ್ಮದ ಅಂಚಿನಲ್ಲಿ ನಾರು ನಾರು ಕಾಣುತ್ತದೆ, ರೆಕ್ಸಿನ್ ಬಟ್ಟೆಯ ಮೇಲೆ ಪದರ ಅಂಟಿಸಿದಂತಿರುತ್ತದೆ. ನಮ್ಮ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ 1976ರಲ್ಲಿ ಶುರುವಾದದ್ದು. ಅದರ ಲಿಡ್ಕರ್ ಮಳಿಗೆಗಳಲ್ಲೂ ಚರ್ಮದ ಶೂ ಸಿಗುತ್ತವೆ, ಒಮ್ಮೆ ಹೋಗಿ ನೋಡಬಹುದು.

ಮನೆಗೆ ತಂದ ಮೇಲೆ ಮೊದಲ ಕೆಲಸ ಮೊಮ್ಮಕ್ಕಳದು. ಬಿಲ್ಲು ಎಸೆಯಬೇಡಿ. ತಾತ ಹೊಸ ಶೂ ಹಾಕಿ ಒಂದು ಗಂಟೆ ಮನೆಯೊಳಗೇ ಓಡಾಡಲಿ. ಅಟ್ಟೆ ಕೊಳೆಯಾಗದಿದ್ದರೆ ಬದಲಾಯಿಸಲು ಅಂಗಡಿಯವರು ತಕರಾರು ಮಾಡುವುದು ಕಡಿಮೆ. ಆಮೇಲೆ ಕಾಲುಚೀಲ ತೆಗೆಸಿ, ಬೆರಳು, ಬೆರಳ ಸಂದು, ಹಿಮ್ಮಡಿ ಎಲ್ಲವನ್ನೂ ಬೆಳಕಿನಲ್ಲಿ ನೋಡಿ. ಎಲ್ಲಾದರೂ ಕೆಂಪಗಾಗಿ, ಅರ್ಧ ಗಂಟೆಯಾದರೂ ಹೋಗದಿದ್ದರೆ ಆ ಶೂ ವಾಪಸು. ಬದಲಿಸುವ ಅವಧಿ ಮುಗಿದಿದ್ದರೆ ನಿಮ್ಮ ರಸ್ತೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವವರ ಬಳಿ ಒಯ್ದು, ಬಿಗಿಯುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡಿ. ಅಚ್ಚು ಇಟ್ಟು ಒಂದು ರಾತ್ರಿಯಲ್ಲಿ ಅಷ್ಟನ್ನೇ ಹಿಗ್ಗಿಸಿ ಕೊಡುವ ಕೈಗಳು ನಮ್ಮ ಫುಟ್‌ಪಾತುಗಳಲ್ಲಿ ಇನ್ನೂ ಇವೆ.