ಸುಳ್ಳು ಹೇಳಿದ 51 ಮಂದಿ

ಅಮೇರಿಕದ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು 1993ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದ ವರದಿಯಲ್ಲಿ ಎರಡು ಸಂಖ್ಯೆಗಳಿವೆ. ಲೈಂಗಿಕ ಹಲ್ಲೆಯಲ್ಲಿ ಭಾಗಿಯಾದರೆಂದು ಅದು ಗುರುತಿಸಿದ ಅಧಿಕಾರಿಗಳು 23 ಮಂದಿ. ತನಿಖೆಯ ವೇಳೆ ಸುಳ್ಳು ಹೇಳಿದರೆಂದು ಗುರುತಿಸಿದವರು 51 ಮಂದಿ. ಹಲ್ಲೆ ನಡೆಸಿದವರಿಗಿಂತ ಸುಳ್ಳು ಹೇಳಿದವರು ಎರಡು ಪಟ್ಟಿಗಿಂತಲೂ ಅಧಿಕ! ಟೈಲ್‌ಹುಕ್ ಎಂಬ ಹೆಸರಿನಲ್ಲಿ ಕುಖ್ಯಾತವಾದ ಈ ಹಗರಣದ ಬಗ್ಗೆ ಮೂರು ದಶಕಗಳಿಂದ ಚರ್ಚೆ ನಡೆದಿದೆ. ಆದರೆ ಮೊದಲ ಸಂಖ್ಯೆಗೆ ಸಿಕ್ಕ ಗಮನ ಎರಡನೆಯದಕ್ಕೆ ಸಿಕ್ಕಿಲ್ಲ. ಆ ಬಳಿಕ ಅಮೇರಿಕದ ನೌಕಾ ವೈಮಾನಿಕರ ಬದುಕಿನಲ್ಲಿ ಏನೆಲ್ಲ ನಡೆಯಿತೋ ಅದರ ಬೇರು ಇರುವುದು ಈ ಎರಡನೆಯ ಸಂಖ್ಯೆಯಲ್ಲಿ.

ವಿಮಾನವಾಹಕ ನೌಕೆಯ ಮೇಲೆ ಇಳಿಯುವ ಯುದ್ಧವಿಮಾನದ ಬಾಲದಲ್ಲಿ ಒಂದು ಕೊಕ್ಕೆಯಿರುತ್ತದೆ. ನೌಕೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಅದು ಹಿಡಿದರೆ ವಿಮಾನ ನಿಲ್ಲುತ್ತದೆ. ತಪ್ಪಿದರೆ ಕ್ಷಣಾರ್ಧದಲ್ಲಿ ಮತ್ತೆ ಮೇಲೇರಬೇಕು, ಇಲ್ಲವಾದರೆ ಕಡಲು. ರಾತ್ರಿಯ ಕತ್ತಲಲ್ಲಿ, ಓಲಾಡುವ ನೌಕೆಯ ಮೇಲೆ ಈ ಸಾಹಸ ಮಾಡುವವರ ನಡುವೆ ಗಾಢವಾದ ಬಾಂಧವ್ಯ ಬೆಳೆಯುವುದು ಸಹಜ. ಆ ಕೊಕ್ಕೆಯ ಹೆಸರಿನಲ್ಲೇ ಅವರು 1956ರಲ್ಲಿ ಟೈಲ್‌ಹುಕ್ ಅಸೋಸಿಯೇಶನ್ ಎಂಬ ಸಂಘ ಕಟ್ಟಿಕೊಂಡರು. ಅದರ 35ನೇ ವಾರ್ಷಿಕ ಸಮ್ಮೇಳನ ನಡೆದದ್ದು 1991ರ ಸೆಪ್ಟೆಂಬರ್‌ನಲ್ಲಿ, ಲಾಸ್ ವೇಗಸ್‌ನ ಹಿಲ್ಟನ್ ಹೋಟೆಲಿನಲ್ಲಿ. ಕೊಲ್ಲಿ ಯುದ್ಧ ಮುಗಿದು ಆರು ತಿಂಗಳಷ್ಟೇ ಆಗಿತ್ತು. ವಿಜಯದ ಅಮಲು ಇಳಿದಿರಲಿಲ್ಲ. ಸುಮಾರು ನಾಲ್ಕು ಸಾವಿರ ಮಂದಿ ನೆರೆದಿದ್ದರು.

ಹಗಲಿನಲ್ಲಿ ಗಂಭೀರ ಗೋಷ್ಠಿಗಳು ನಡೆದವು. ಅಡ್ಮಿರಲ್‌ಗಳು ವೇದಿಕೆಯಲ್ಲಿ ಕುಳಿತಿದ್ದ ಒಂದು ಗೋಷ್ಠಿಯಲ್ಲಿ, ಮಹಿಳೆಯರಿಗೆ ಯುದ್ಧವಿಮಾನ ಹಾರಿಸುವ ಅವಕಾಶ ಯಾವಾಗ ಎಂದು ವೈಮಾನಿಕ ಯುವತಿಯೊಬ್ಬಳು ಪ್ರಶ್ನಿಸಿದಳು. ಸಭೆ ಗೇಲಿ ಮಾಡಿತು. ವೇದಿಕೆಯಲ್ಲಿದ್ದ ಹಿರಿಯರು ಸಭೆಯನ್ನು ಗದರಲಿಲ್ಲ. ರಾತ್ರಿ ಅದೇ ಹೋಟೆಲಿನ ಮೂರನೇ ಮಹಡಿಯ ಮೊಗಸಾಲೆಯಲ್ಲಿ ಗಂಡಸರು ಎರಡೂ ಬದಿ ಗೋಡೆಗೆ ಸಾಲಾಗಿ ನಿಂತರು. ಆ ದಾರಿಯಲ್ಲಿ ಬಂದ ಮಹಿಳೆಯರನ್ನು ಕೈಯಿಂದ ಕೈಗೆ ತಳ್ಳುತ್ತಾ ಮಾನಭಂಗಗೊಳಿಸಿದರು. ವರದಿಯ ಪ್ರಕಾರ 83 ಮಹಿಳೆಯರು ಮತ್ತು 7 ಪುರುಷರು ದೌರ್ಜನ್ಯಕ್ಕೊಳಗಾದರು. ಹಗಲಿನ ಗೇಲಿಗೂ ರಾತ್ರಿಯ ಹಲ್ಲೆಗೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಬಲ್ಲರೇ?

ಮದ್ಯವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಮದ್ಯ ಅಲ್ಲಿ ಹೊಳೆಯಾಗಿ ಹರಿದದ್ದು ನಿಜ, ಅದು ಮನುಷ್ಯನನ್ನು ಯಾವ ಮಟ್ಟಕ್ಕಿಳಿಸುತ್ತದೆಂಬುದಕ್ಕೆ ಆ ಮೊಗಸಾಲೆ ಸಾಕ್ಷಿ ಎಂಬುದೂ ನಿಜ. ಆದರೆ ತಿಂಗಳುಗಳ ಬಳಿಕ ವಿಚಾರಣೆಯ ಕೊಠಡಿಯಲ್ಲಿ ಕುಳಿತು ಸುಳ್ಳು ಹೇಳಿದಾಗ ಅವರಾರ ಕೈಯಲ್ಲೂ ಮದ್ಯದ ಬಟ್ಟಲಿರಲಿಲ್ಲ.

ದೌರ್ಜನ್ಯಕ್ಕೊಳಗಾದವರಲ್ಲಿ ಲೆಫ್ಟಿನೆಂಟ್ ಪೌಲಾ ಕಾಗ್ಲಿನ್ ಒಬ್ಬರು. ಹೆಲಿಕಾಪ್ಟರ್ ಪೈಲಟ್. ತಂದೆಯೂ ನೌಕಾ ವೈಮಾನಿಕರಾಗಿದ್ದವರು. ಆಕೆ ಓರ್ವ ಅಡ್ಮಿರಲ್‌ರ ಆಪ್ತ ಸಹಾಯಕಿಯಾಗಿದ್ದರು. ಮರುದಿನವೇ ತನ್ನ ಅಡ್ಮಿರಲ್‌ಗೆ ದೂರಿದರೂ ವಾರಗಟ್ಟಲೆ ಏನೂ ಆಗಲಿಲ್ಲ. ನೌಕಾಪಡೆಯ ತನಿಖಾ ವಿಭಾಗ ನೂರಾರು ಮಂದಿಯನ್ನು ಪ್ರಶ್ನಿಸಿದ ಬಳಿಕ 1992ರ ಏಪ್ರಿಲ್‌ನಲ್ಲಿ ಗುರುತಿಸಿದ್ದು ಕೇವಲ ಇಬ್ಬರು ಶಂಕಿತರನ್ನು! ಜನರಿಂದ ಕಿಕ್ಕಿರಿದಿದ್ದ ಮೊಗಸಾಲೆಯಲ್ಲಿ ನಡೆದುದನ್ನು ಕಂಡವರು ಯಾರೂ ಇಲ್ಲವೆಂದರೆ ಏನರ್ಥ? ಕೊನೆಗೆ 1992ರ ಜೂನ್‌ನಲ್ಲಿ ಕಾಗ್ಲಿನ್ ತನ್ನ ಹೆಸರು ಮತ್ತು ಮುಖದೊಂದಿಗೆ ಪತ್ರಿಕೆ, ಟಿ.ವಿ.ಗಳ ಮುಂದೆ ಬಂದರು. ಎರಡೇ ದಿನಗಳಲ್ಲಿ ನೌಕಾ ಕಾರ್ಯದರ್ಶಿ ಲಾರೆನ್ಸ್ ಗ್ಯಾರೆಟ್ ರಾಜೀನಾಮೆಯಿತ್ತರು. ತನಿಖೆ ನೌಕಾಪಡೆಯ ಕೈತಪ್ಪಿ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್‌ರ ಪಾಲಾಯಿತು. ಮೇಲೆ ಹೇಳಿದ ವರದಿ ಬಂದದ್ದು ಹೀಗೆ.

ಆ ವರದಿಯ ಆಧಾರದಲ್ಲಿ 140 ಅಧಿಕಾರಿಗಳ ಕಡತಗಳು ಕ್ರಮಕ್ಕಾಗಿ ರವಾನೆಯಾದವು. ಸುಮಾರು ಅರ್ಧದಷ್ಟು ಸಾಕ್ಷ್ಯವಿಲ್ಲದೆ ಮುಚ್ಚಿಹೋದವು. ಕೆಲವರಿಗೆ ದಂಡ, ಕೆಲವರಿಗೆ ಛೀಮಾರಿ. ಕೋರ್ಟ್ ಮಾರ್ಷಲ್‌ನಲ್ಲಿ ಅಪರಾಧಿಯೆಂದು ಸಾಬೀತಾದವರು ಎಷ್ಟು ಮಂದಿ ಗೊತ್ತೇ? ಒಬ್ಬರೂ ಇಲ್ಲ. ಕಾಗ್ಲಿನ್ ಗುರುತಿಸಿದ ಅಧಿಕಾರಿಯ ವಿರುದ್ಧದ ಆರೋಪವೂ 1993ರ ಅಕ್ಟೋಬರ್‌ನಲ್ಲಿ ಸಾಕ್ಷ್ಯ ಸಾಲದೆ ಬಿದ್ದುಹೋಯಿತು. ಕೊನೆಯ ಮೂವರ ವಿಚಾರಣೆಯಂತೂ ತಲೆಕೆಳಗಾಯಿತು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಫ್ರಾಂಕ್ ಕೆಲ್ಸೊ ಸ್ವತಃ ಆ ಸಮ್ಮೇಳನದಲ್ಲಿದ್ದು ಅನುಚಿತ ವರ್ತನೆಯನ್ನು ಕಂಡಿದ್ದರು, ತನ್ನ ಪಾತ್ರವನ್ನು ಮರೆಮಾಚಲು ತನಿಖೆಯ ಮೇಲೆ ಪ್ರಭಾವ ಬೀರಿದರು ಎಂದು ಮಿಲಿಟರಿ ನ್ಯಾಯಾಧೀಶ ಕ್ಯಾಪ್ಟನ್ ವಿಲಿಯಂ ವೆಸ್ಟ್ 1994ರ ಫೆಬ್ರವರಿಯಲ್ಲಿ ತೀರ್ಪಿತ್ತು ಮೊಕದ್ದಮೆಗಳನ್ನು ವಜಾಗೊಳಿಸಿದರು. ಕೆಲ್ಸೊ ಇದನ್ನು ನಿರಾಕರಿಸಿದರು. ಬಳಿಕ ಅವಧಿಗೆ ಮುನ್ನವೇ ನಿವೃತ್ತರಾದರು. ನಾಲ್ಕು ನಕ್ಷತ್ರಗಳ ಪದವಿಯೊಂದಿಗೇ ಅವರನ್ನು ಬೀಳ್ಕೊಡಲು ಸೆನೆಟ್ 54-43 ಮತಗಳಿಂದ ಒಪ್ಪಿತು. ಆಗ ಸೆನೆಟ್‌ನಲ್ಲಿದ್ದ ಏಳೂ ಮಹಿಳಾ ಸದಸ್ಯರು ಪಕ್ಷಭೇದ ಮರೆತು ವಿರೋಧವಾಗಿ ಮತ ಹಾಕಿದರು.

ಆ ತೀರ್ಪಿನ ಬೆನ್ನಿಗೇ ಕಾಗ್ಲಿನ್ ನೌಕಾಪಡೆ ತೊರೆಯುವುದಾಗಿ ಪ್ರಕಟಿಸಿದರು. ಹಲ್ಲೆಗಿಂತಲೂ ಆ ನಂತರದ ಮರೆಯ ಕಿರುಕುಳ ತನ್ನನ್ನು ಸೋಲಿಸಿತೆಂಬ ನೋವು ಅವರಲ್ಲಿತ್ತು. ಅವರಿಗೆ ನ್ಯಾಯವೆಂದು ಏನಾದರೂ ದೊರೆತಿದ್ದರೆ ಅದು ಸೇನೆಯಿಂದಲ್ಲ, ನಾಗರಿಕ ನ್ಯಾಯಾಲಯದಿಂದ. 1994ರ ಅಕ್ಟೋಬರ್‌ನಲ್ಲಿ ಜ್ಯೂರಿಯು ಹಿಲ್ಟನ್ ಸಂಸ್ಥೆ ಒಟ್ಟು 67 ಲಕ್ಷ ಡಾಲರ್ ನೀಡಬೇಕೆಂದಿತು. ಮೊತ್ತ ಬಳಿಕ ಕಡಿತಗೊಂಡಿತು. ಹೋಟೆಲು ಹಣ ತೆತ್ತಿತು. ಮೊಗಸಾಲೆಯಲ್ಲಿ ನಿಂತಿದ್ದವರು ವಿಮಾನ ಹಾರಿಸುತ್ತಲೇ ಇದ್ದರು.

ಇಷ್ಟಾಗುವಾಗ ಸೆನೆಟ್‌ನ ಸಶಸ್ತ್ರಪಡೆಗಳ ಸಮಿತಿಯ ಸಹನೆ ಮುಗಿದಿತ್ತು. ಅಪರಾಧಿಗಳನ್ನು ನೌಕಾಪಡೆ ತೋರಿಸಿಕೊಡದಿದ್ದರೆ ತಾನು ಎಲ್ಲರನ್ನೂ ಶೋಧಿಸುವೆನೆಂಬ ನಿಲುವನ್ನು ಅದು 1992ರಲ್ಲೇ ತಾಳಿತ್ತು. ಅಮೇರಿಕದಲ್ಲಿ ಸೇನಾಧಿಕಾರಿಗಳ ಬಡ್ತಿಗೆ ಸೆನೆಟ್‌ನ ಒಪ್ಪಿಗೆ ಬೇಕು. ಬಡ್ತಿ ಪಟ್ಟಿಯಲ್ಲಿರುವ ಅಧಿಕಾರಿಗೆ ಟೈಲ್‌ಹುಕ್‌ನೊಂದಿಗೆ ಸಂಬಂಧವಿತ್ತೇ ಎಂಬುದನ್ನು ನೌಕಾಪಡೆ ತಿಳಿಸಲೇಬೇಕೆಂದು ಸಮಿತಿ ವಿಧಿಸಿತು. ಸಾವಿರಾರು ಬಡ್ತಿಗಳು ತಡೆಹಿಡಿಯಲ್ಪಟ್ಟವು. ನ್ಯಾಯಾಲಯದಲ್ಲಿ ಆರೋಪಿಗೆ ವಕೀಲನಿರುತ್ತಾನೆ, ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬಹುದು, ಕೊನೆಗೊಂದು ತೀರ್ಪಾದರೂ ಬರುತ್ತದೆ. ಬಡ್ತಿಯ ಕಡತದಲ್ಲಿ ಇವಾವುವೂ ಇಲ್ಲ. ಅಲ್ಲಿ ಒಂದು ಗುರುತು ಬೀಳುತ್ತದೆ, ಕಡತ ಮುಂದೆ ಸಾಗುವುದಿಲ್ಲ, ಅಷ್ಟೇ.

ಕಮಾಂಡರ್ ರಾಬರ್ಟ್ ಸ್ಟಂಪ್ಫ್‌ರ ಕಥೆಯನ್ನೇ ನೋಡಿ. ಕೊಲ್ಲಿ ಯುದ್ಧದಲ್ಲಿ ಎಫ್/ಎ-18 ಹಾರಿಸಿ ಪದಕ ಪಡೆದವರು. ಮುಂದೆ ಬ್ಲೂ ಏಂಜಲ್ಸ್ ಎಂಬ ನೌಕಾಪಡೆಯ ಪ್ರಸಿದ್ಧ ವೈಮಾನಿಕ ಪ್ರದರ್ಶನ ತಂಡದ ನಾಯಕ. 1991ರಲ್ಲಿ ತನ್ನ ತುಕಡಿಗೆ ಬಂದ ಪ್ರಶಸ್ತಿಯನ್ನು ಸ್ವೀಕರಿಸಲು ಅವರು ಲಾಸ್ ವೇಗಸ್‌ಗೆ ಹೋಗಿದ್ದರು. ತುಕಡಿಯ ಕೊಠಡಿಯಲ್ಲಿ ಅಶ್ಲೀಲ ಪ್ರದರ್ಶನ ಅತಿರೇಕಕ್ಕೆ ಹೋಗುವಾಗ ಅವರು ಅಲ್ಲಿರಲಿಲ್ಲ. 1993ರಲ್ಲಿ ಇಲಾಖಾ ವಿಚಾರಣೆ ಅವರನ್ನು ದೋಷಮುಕ್ತಗೊಳಿಸಿತು. 1994ರಲ್ಲಿ ಸೆನೆಟ್ ಅವರ ಬಡ್ತಿಯನ್ನು ಅಂಗೀಕರಿಸಿಯೂ ಆಗಿತ್ತು. ಆದರೆ ಅವರ ಕಡತದಲ್ಲಿ ಟೈಲ್‌ಹುಕ್‌ನ ಪ್ರಸ್ತಾಪವಿದ್ದುದನ್ನು ನೌಕಾಪಡೆ ಸಮಿತಿಗೆ ತಿಳಿಸಿರಲಿಲ್ಲ. ತಿಳಿದ ಕೂಡಲೇ ಸಮಿತಿ ತಕರಾರೆತ್ತಿತು. ನೌಕಾ ಕಾರ್ಯದರ್ಶಿ ಜಾನ್ ಡಾಲ್ಟನ್ ಅವರ ಹೆಸರನ್ನು ಪಟ್ಟಿಯಿಂದ ತೆಗೆದರು. 1996ರಲ್ಲಿ ಸ್ಟಂಪ್ಫ್ ನಿವೃತ್ತರಾದರು. ಅವರಿಗೆ ಕ್ಯಾಪ್ಟನ್ ಪದವಿಯನ್ನು ಪೂರ್ವಾನ್ವಯವಾಗಿ ನೀಡಿದ್ದು 2002ರಲ್ಲಿ. ನೌಕಾಪಡೆಗೂ ಅವರಿಗೂ ನಂಟು ಕಡಿದು ಆಗಲೇ ಆರು ವರ್ಷ ಕಳೆದಿತ್ತು.

ಅಡ್ಮಿರಲ್ ಸ್ಟಾನ್ಲಿ ಆರ್ಥರ್‌ರದ್ದು ಬೇರೆ ಬಗೆಯದು. ಕೊಲ್ಲಿ ಯುದ್ಧದಲ್ಲಿ ಅಮೇರಿಕದ ನೌಕಾಬಲವನ್ನು ಮುನ್ನಡೆಸಿದ ಈ ವೈಮಾನಿಕನನ್ನು 1994ರಲ್ಲಿ ಪೆಸಿಫಿಕ್ ಕಮಾಂಡ್‌ನ ಮುಖ್ಯಸ್ಥ ಸ್ಥಾನಕ್ಕೆ ಸೂಚಿಸಲಾಗಿತ್ತು. ಲೈಂಗಿಕ ಕಿರುಕುಳದ ದೂರಿತ್ತಿದ್ದ ಮಹಿಳಾ ತರಬೇತಿ ಪೈಲಟ್ ಒಬ್ಬರನ್ನು ಹಾರಾಟದಲ್ಲಿ ಅನುತ್ತೀರ್ಣಗೊಳಿಸಿದ ನಿರ್ಧಾರವನ್ನು ಅವರು ಎತ್ತಿಹಿಡಿದಿದ್ದರು. ಕಿರುಕುಳ ನೀಡಿದ ಬೋಧಕನಿಗೆ ಶಿಕ್ಷೆಯಾಗಿತ್ತು. ಆಕೆಯ ಹಾರಾಟದ ಅಂಕಗಳು ಬೇರೆಯೇ ಪ್ರಶ್ನೆ ಎಂಬುದು ಆರ್ಥರ್‌ರ ನಿಲುವು. ಸೆನೆಟರ್ ಒಬ್ಬರು ಆಕ್ಷೇಪವೆತ್ತಿದಾಗ ನೌಕಾಪಡೆ ವಾದಿಸುವ ಗೋಜಿಗೆ ಹೋಗದೆ ಅವರ ಹೆಸರನ್ನೇ ಹಿಂಪಡೆಯಿತು. ಮಾತಾಡಬೇಕಾದಾಗ ಸುಮ್ಮನಿದ್ದು ವಿಶ್ವಾಸ ಕಳಕೊಂಡ ಸಂಸ್ಥೆಗೆ, ನ್ಯಾಯವಿದ್ದಾಗಲೂ ಮಾತಾಡುವ ಧೈರ್ಯ ಉಳಿದಿರಲಿಲ್ಲ.

ಇಂಥ ಪ್ರಕರಣಗಳಿಂದ ವೈಮಾನಿಕರಲ್ಲಿ ಕಹಿ ಹೆಪ್ಪುಗಟ್ಟಿತು. ಕೆಳಗಿನವರನ್ನು ಬಲಿಕೊಟ್ಟು ಅಡ್ಮಿರಲ್‌ಗಳು ತಮ್ಮನ್ನು ರಕ್ಷಿಸಿಕೊಂಡರೆಂಬ ಆಕ್ರೋಶಕ್ಕೆ 1996ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಧ್ವನಿಯಾದವರು ಮಾಜಿ ನೌಕಾ ಕಾರ್ಯದರ್ಶಿ ಜೇಮ್ಸ್ ವೆಬ್. (ಮಹಿಳೆಯರು ಯುದ್ಧಕ್ಕೆ ತಕ್ಕವರಲ್ಲವೆಂದು 1979ರಲ್ಲೇ ಲೇಖನ ಬರೆದಿದ್ದವರು ಇವರು ಎಂಬುದನ್ನೂ ನೆನಪಿಡಬೇಕು.) ಆ ಆಕ್ರೋಶದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಸ್ಟಂಪ್ಫ್‌ರಿಗೆ ಅನ್ಯಾಯವಾಯಿತು. ಆದರೆ ಆ ಅನ್ಯಾಯ ಯಾರಿಂದ ಆರಂಭವಾಯಿತು? ಸೆನೆಟ್‌ನಿಂದಲೇ? ಮಹಿಳಾ ಸಂಘಟನೆಗಳಿಂದಲೇ? ಅಥವಾ ದೂರು ಕೊಟ್ಟ ಕಾಗ್ಲಿನ್‌ರಿಂದಲೇ? ಮೊಗಸಾಲೆಯಲ್ಲಿ ಯಾರಿದ್ದರೆಂದು ಗೊತ್ತಿದ್ದವರು 1991ರಲ್ಲೇ ಬಾಯಿ ತೆರೆದಿದ್ದರೆ ಶಿಕ್ಷೆ ಇಪ್ಪತ್ತೋ ಮೂವತ್ತೋ ಮಂದಿಗೆ ಸೀಮಿತವಾಗುತ್ತಿತ್ತು. ಉಳಿದ ಸಾವಿರಾರು ಮಂದಿ ತಲೆಯೆತ್ತಿ ಹಾರುತ್ತಿದ್ದರು. ಗೆಳೆಯನನ್ನು ಉಳಿಸುವುದೇ ನಿಷ್ಠೆಯೆಂದು ಭಾವಿಸಿದವರು, ಆ ಕೋಣೆಯಲ್ಲೇ ಇರದ ಇನ್ನೊಬ್ಬ ಗೆಳೆಯನ ಬದುಕನ್ನು ಅದಕ್ಕೆ ಬೆಲೆಯಾಗಿ ತೆತ್ತರು. ವೆಬ್‌ರ ಸಿಟ್ಟು ಅಡ್ಮಿರಲ್‌ಗಳತ್ತ ಹೊರಳಿತು, ಆ 51 ಮಂದಿಯತ್ತ ಹೊರಳಲಿಲ್ಲ.

ಹಗರಣದ ಇನ್ನೊಂದು ಪರಿಣಾಮ ಯಾರೂ ನಿರೀಕ್ಷಿಸದ್ದು. ವರದಿ ಹೊರಬಿದ್ದದ್ದು ಏಪ್ರಿಲ್ 23ರಂದು. ಐದೇ ದಿನಗಳ ಬಳಿಕ, ಏಪ್ರಿಲ್ 28ರಂದು, ರಕ್ಷಣಾ ಕಾರ್ಯದರ್ಶಿ ಲೆಸ್ ಆಸ್ಪಿನ್ ಯುದ್ಧವಿಮಾನಗಳ ಬಾಗಿಲನ್ನು ಮಹಿಳೆಯರಿಗೆ ತೆರೆಯುವಂತೆ ಆದೇಶಿಸಿದರು. ತಡೆಯಾಗಿದ್ದ ಕಾನೂನನ್ನು ಕಾಂಗ್ರೆಸ್ 1991ರ ಕೊನೆಯಲ್ಲೇ ತೆಗೆದುಹಾಕಿತ್ತಾದರೂ ಪೆಂಟಗನ್ ಮೀನಮೇಷ ಎಣಿಸುತ್ತಿತ್ತು. ಸಭೆಯಲ್ಲಿ ಗೇಲಿಗೊಳಗಾದ ಆ ಪ್ರಶ್ನೆಗೆ ಒಂದೂವರೆ ವರ್ಷದಲ್ಲಿ ಉತ್ತರ ಸಿಕ್ಕಿತು. (ನಮ್ಮ ದೇಶದಲ್ಲಿ ಆ ಬಾಗಿಲು ತೆರೆದದ್ದು 2016ರಲ್ಲಿ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಆ ಮೊದಲ ಮೂವರು ಯುವತಿಯರು ಹಾಕ್ ವಿಮಾನದಲ್ಲಿ ಪಳಗಿದ್ದು ನಮ್ಮ ಬೀದರ್‌ನಲ್ಲಿ.)

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಮನಸ್ಸು ತೆರೆಯಿತೇ? ಎಫ್-14 ಹಾರಿಸಿದ ಮೊದಲ ಮಹಿಳೆಯರಲ್ಲೊಬ್ಬರಾದ ಕಾರಾ ಹಲ್ಟ್‌ಗ್ರೀನ್ 1994ರ ಅಕ್ಟೋಬರ್ 25ರಂದು ಅಬ್ರಹಾಂ ಲಿಂಕನ್ ನೌಕೆಯ ಮೇಲೆ ಇಳಿಯುವ ಯತ್ನದಲ್ಲಿ ಮೃತಪಟ್ಟರು. ಎಡ ಎಂಜಿನ್ ಕೈಕೊಟ್ಟಿತ್ತು. ಶವವಿನ್ನೂ ಕಡಲ ತಳದಲ್ಲಿರುವಾಗಲೇ, ಅರ್ಹತೆಯಿಲ್ಲದವಳನ್ನು ರಾಜಕೀಯಕ್ಕಾಗಿ ತೇರ್ಗಡೆಗೊಳಿಸಲಾಗಿತ್ತೆಂಬ ಪಿಸುಮಾತು ಹೆಸರಿಲ್ಲದ ಬಾಯಿಗಳಿಂದ ಹಬ್ಬಿತು. ಮಗಳ ತರಬೇತಿಯ ದಾಖಲೆಗಳನ್ನು ಸಾರ್ವಜನಿಕರ ಮುಂದಿಡಬೇಕಾದ ಸ್ಥಿತಿ ತಾಯಿಗೆ ಬಂತು. ಅದೇ ವಿಮಾನದಲ್ಲಿ ಅದಕ್ಕೂ ಮುನ್ನ ಎಷ್ಟೋ ಗಂಡಸರು ಸತ್ತಿದ್ದರು. ಅವರಲ್ಲಿ ಯಾರ ತಾಯಿಯೂ ಅಂಕಪಟ್ಟಿ ತೋರಿಸಬೇಕಾಗಿ ಬಂದಿರಲಿಲ್ಲ. ಹಗರಣದಿಂದಾಗಿಯೇ ಬಂದವರೆಂಬ ಮುದ್ರೆ ಆ ತಲೆಮಾರಿನ ಮಹಿಳಾ ಪೈಲಟ್‌ಗಳ ಬೆನ್ನಿಗಂಟಿತು. ಹೀಗೆ ಸಂಶಯ ಎರಡು ಕಡೆ ಕೆಲಸ ಮಾಡಿತು: ಗಂಡಸಿನ ಕಡತದಲ್ಲಿ ಗುರುತಾಗಿ, ಹೆಣ್ಣಿನ ಅರ್ಹತೆಯ ಮೇಲೆ ಪ್ರಶ್ನೆಯಾಗಿ.

ಕಾಲ ಬದಲಾಗಿಲ್ಲವೆಂದಲ್ಲ. 1991ರ ಅಕ್ಟೋಬರ್‌ನಲ್ಲಿ ಟೈಲ್‌ಹುಕ್ ಸಂಘದೊಂದಿಗೆ ಕಡಿದುಕೊಂಡ ನಂಟನ್ನು ನೌಕಾಪಡೆ 2000ದಲ್ಲಿ ಮರಳಿ ಬೆಸೆಯಿತು. 2019ರಲ್ಲಿ, ವಿಮಾನ ತುಕಡಿಯನ್ನು ಮುನ್ನಡೆಸಿದ ಮೊದಲ ಮಹಿಳೆ ರೋಸ್‌ಮೇರಿ ಮರೈನರ್‌ರ ಅಂತ್ಯಕ್ರಿಯೆಯ ವೇಳೆ ಆಗಸದಲ್ಲಿ ಗೌರವ ಸಲ್ಲಿಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಬ್ಲೂ ಏಂಜಲ್ಸ್‌ನ ಯುದ್ಧವಿಮಾನಕ್ಕೆ 2022ರಲ್ಲಿ ಅಮಾಂಡಾ ಲೀ ಆಯ್ಕೆಯಾದರು. ಆದರೆ ದೂರಿನ ದಾರಿ ಮಾತ್ರ ಹಳೆಯದೇ ಆಗಿತ್ತು: ಮೊಕದ್ದಮೆ ಹೂಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವವನು ಆರೋಪಿಯ ಕಮಾಂಡರ್. ಅಂದರೆ, ಅದೇ ಬಾಂಧವ್ಯದೊಳಗಿನವನು. 1996ರಲ್ಲಿ ಅಬರ್ಡೀನ್‌ನ ಸೇನಾ ತರಬೇತಿ ಕೇಂದ್ರ, 2003ರಲ್ಲಿ ವಾಯುಪಡೆಯ ಅಕಾಡೆಮಿ, 2012ರಲ್ಲಿ ಲ್ಯಾಕ್‌ಲ್ಯಾಂಡ್ ವಾಯುನೆಲೆ ಎಂದು ಹಗರಣಗಳು ಸರದಿಯಲ್ಲಿ ಬಂದವು. ಪ್ರತಿ ಬಾರಿಯೂ ಸೇನಾ ಮುಖ್ಯಸ್ಥರು ಕಾಂಗ್ರೆಸ್‌ನ ಮುಂದೆ ಕುಳಿತು ಇನ್ನು ಸಹಿಸೆವು ಎಂದರು. ಕಮಾಂಡರ್‌ನ ಅಧಿಕಾರಕ್ಕೆ ಕೈಹಚ್ಚಲು ಮಾತ್ರ ಬಿಡಲಿಲ್ಲ. ನೌಕಾಪಡೆ ತೊರೆದು ಫ್ಲೋರಿಡಾದಲ್ಲಿ ಯೋಗ ಕೇಂದ್ರ ನಡೆಸುತ್ತಿದ್ದ ಕಾಗ್ಲಿನ್, ಆ ಅಧಿಕಾರವನ್ನು ಸ್ವತಂತ್ರ ಪ್ರಾಸಿಕ್ಯೂಟರ್‌ಗಳಿಗೆ ವಹಿಸಬೇಕೆಂದು ಒತ್ತಾಯಿಸುವವರ ಜೊತೆಗೂಡಿ ಮತ್ತೆ ಸಾರ್ವಜನಿಕವಾಗಿ ಮಾತಾಡತೊಡಗಿದರು. 2020ರಲ್ಲಿ ಟೆಕ್ಸಾಸ್‌ನ ಫೋರ್ಟ್ ಹುಡ್ ನೆಲೆಯಲ್ಲಿ ವನೆಸ್ಸಾ ಗಿಯೆನ್ ಎಂಬ ಇಪ್ಪತ್ತರ ಹರೆಯದ ಯೋಧೆ ಕೊಲೆಯಾದ ಬಳಿಕವಷ್ಟೇ ಕಾಂಗ್ರೆಸ್ ಕಣ್ತೆರೆಯಿತು. 2021ರ ಡಿಸೆಂಬರ್‌ನಲ್ಲಿ ಕಾನೂನಾಯಿತು. ಲೈಂಗಿಕ ಹಲ್ಲೆಯ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ನಿರ್ಧಾರ ಕಮಾಂಡರ್‌ಗಳ ಕೈಯಿಂದ ವಿಶೇಷ ಪ್ರಾಸಿಕ್ಯೂಟರ್‌ಗಳ ಕೈಗೆ ಹೋದದ್ದು 2023ರ ಡಿಸೆಂಬರ್ 28ರಂದು. ಲಾಸ್ ವೇಗಸ್‌ನ ಆ ರಾತ್ರಿ ಕಳೆದು ಮೂವತ್ತೆರಡು ವರ್ಷಗಳಾಗಿದ್ದವು.