ಚಿಕ್ಕ ಕಾಫಿ ಅಂಗಡಿಗಳ ಸಂಕಷ್ಟ

ಮಾನ್ಯ ಸಂಪಾದಕರೆ,

ನಮ್ಮ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಕಾರ್ಮಿಕರಿಗೂ ಬೆಂಗಳೂರಿಗೆ ರೈಲು ಹಿಡಿಯುವ ನಿತ್ಯಪ್ರಯಾಣಿಕರಿಗೂ ಬೆಳಕು ಹರಿಯುವ ಮುನ್ನವೇ ಬಿಸಿ ಕಾಫಿಯನ್ನೊದಗಿಸುವ ಚಿಕ್ಕ ಅಂಗಡಿಗಳು ಜೀವಧಾರಣೆಗಾಗಿ ತೊಳಲುತ್ತಿರುವುದನ್ನು ಕಂಡು ಮನಸ್ಸು ಖಿನ್ನವಾಗಿದೆ. ಬ್ರೆಜಿಲ್, ವಿಯೆಟ್ನಾಂ ದೇಶಗಳ ಅನಾವೃಷ್ಟಿಯಿಂದ ಕಾಫಿಬೀಜದ ಬೆಲೆ ಗಗನಕ್ಕೇರಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಿತು. ಅನಿಲವನ್ನಾದರೋ 19 ಕಿಲೋಗ್ರಾಮಿನ ವಾಣಿಜ್ಯ ಸಿಲಿಂಡರಿನಲ್ಲಿಯೇ ಕೊಳ್ಳಬೇಕು. ಇಷ್ಟಾದರೂ ಲೋಟಕ್ಕೆ ಎರಡು ರೂಪಾಯಿ ಏರಿಸಿದೊಡನೆ ಕೂಲಿಕಾರನು ಸಂಜೆಯ ಕಾಫಿಯನ್ನು ಬಿಡುತ್ತಾನೆ. ಅವನನ್ನು ದೂಷಿಸುವುದು ನ್ಯಾಯವಲ್ಲ. ದೊಡ್ಡ ಹೋಟೆಲು ಕಾಫಿಯ ನಷ್ಟವನ್ನು ದೋಸೆಯಲ್ಲಿ ತುಂಬಿಕೊಳ್ಳಬಲ್ಲುದು. ಕಾಫಿಯೊಂದನ್ನೇ ನೆಚ್ಚಿದವನಿಗೆ ಆ ಮಾರ್ಗವೂ ಇಲ್ಲ.

1957ರಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ನಿರುದ್ಯೋಗಕ್ಕೀಡಾದ ನೌಕರರು ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿ ಅವುಗಳನ್ನು ತಾವೇ ನಡೆಸಿದರೆಂಬುದು ಇಲ್ಲಿ ಸ್ಮರಣೀಯ. ನಮ್ಮ ಅಂಗಡಿಕಾರರೂ ಹಾಗೆಯೇ ಒಂದುಗೂಡಿ, ಬೀಜವನ್ನು ಸಗಟಾಗಿ ತರಿಸಿ ಹುರಿದು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಹೈನುಗಾರಿಕೆಯಲ್ಲಿ ಹೆಸರಾದ ಈ ಜಿಲ್ಲೆಯ ಹಾಲು ಒಕ್ಕೂಟವು ಅಂತಹ ಸಂಘಕ್ಕೆ ಸಗಟು ದರದಲ್ಲಿ ಹಾಲನ್ನು ಕೊಡಬೇಕೆಂದೂ, ಪುರಸಭೆಯು ತನ್ನ ಮಳಿಗೆಗಳಲ್ಲಿ ಕೆಲವನ್ನು ಮಿತವಾದ ಬಾಡಿಗೆಗೆ ಇವರಿಗಾಗಿಯೇ ಮೀಸಲಿಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಮಾಲೂರು