ಐವತ್ತು ತಿಂಗಳ ಲೆಕ್ಕ ಯಾರೂ ಕೇಳುತ್ತಿಲ್ಲ

ಹದಿನಾರನೇ ಹಣಕಾಸು ಆಯೋಗದ ವರದಿ 2026ರ ಫೆಬ್ರುವರಿ 1ರಂದು ಸಂಸತ್ತಿನ ಮುಂದೆ ಬಂದಾಗಿನಿಂದ ಅಂಕಣಗಳಲ್ಲಿ ಒಂದೇ ಜಮಾಖರ್ಚು ನಡೆದಿದೆ. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 3.65ರಿಂದ ಶೇ 4.13ಕ್ಕೆ ಏರಿತು, ಇಷ್ಟು ಸಾಕೇ, ಸಾಲದೇ? ತಮಿಳುನಾಡಿನವರ ಚರ್ಚೆಯೂ ಇದೇ ದಾರಿಯದು: ಶೇ 4.08 ಇದ್ದದ್ದು 4.10 ಆದರೆ ಅದನ್ನು ಏರಿಕೆ ಎನ್ನಬಹುದೇ? ದೆಹಲಿಯಿಂದ ಬೆಂಗಳೂರಿಗೆ ಎಷ್ಟು, ಚೆನ್ನೈಗೆ ಎಷ್ಟು ಎಂಬಲ್ಲಿಗೆ ನಮ್ಮ ಒಕ್ಕೂಟ ವ್ಯವಸ್ಥೆಯ ಮಾತು ಮುಗಿದುಹೋಗುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಗಡಿ ಊರು ಅಂಚೆಟ್ಟಿಗೆ ಎಷ್ಟು ಬಂತು, ಬಂದದ್ದಕ್ಕೆ ಅಲ್ಲಿ ಜನರಿಗೆ ಉತ್ತರ ಹೇಳುವವರು ಯಾರಿದ್ದರು ಎಂದು ಕೇಳಿದ ಒಂದು ಲೇಖನವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ವರದಿ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಕ್ಕೆ 7.91 ಲಕ್ಷ ಕೋಟಿ ರೂಪಾಯಿ ಶಿಫಾರಸು ಮಾಡಿದೆ. ಅದರಲ್ಲಿ 4.35 ಲಕ್ಷ ಕೋಟಿ ಗ್ರಾಮೀಣ ಸಂಸ್ಥೆಗಳದ್ದು. ಪಡೆಯಲು ಹಾಕಿರುವ ಮೊದಲ ಷರತ್ತು, ಸಂವಿಧಾನದ ಪ್ರಕಾರ ರಚನೆಯಾದ ಸಂಸ್ಥೆ ಇರಬೇಕೆಂಬುದು. ಷರತ್ತು ಸರಿಯಾದದ್ದೇ. ಆದರೆ ಅದನ್ನು ಮುರಿಯುವುದು ರಾಜ್ಯ ಸರ್ಕಾರ, ದಂಡ ತೆರುವುದು ಹಳ್ಳಿ. ಈ ಅನ್ಯಾಯವನ್ನು ಸರಿಪಡಿಸದೆ ಎಷ್ಟು ಲಕ್ಷ ಕೋಟಿ ಘೋಷಿಸಿದರೂ ಕೃಷ್ಣಗಿರಿ ಜಿಲ್ಲೆಯ ಗಡಿ ಹಳ್ಳಿಗಳಿಗೆ ಏನೂ ಬದಲಾಗದು.

ಎಲ್ಲರೂ ದಾಟಿಕೊಂಡು ಹೋಗುತ್ತಿರುವ ಅಂಕಿ ಇಲ್ಲಿದೆ. ತಮಿಳುನಾಡಿನ ಪಂಚಾಯಿತಿಗಳ ಅವಧಿ 2016ರ ಅಕ್ಟೋಬರ್ 24ಕ್ಕೆ ಮುಗಿಯಿತು. ಹೊಸಬರು ಅಧಿಕಾರಕ್ಕೆ ಬಂದದ್ದು 2020ರ ಜನವರಿಯಲ್ಲಿ. ಅವರ ಅವಧಿ 2025ರ ಜನವರಿ 5ಕ್ಕೆ ತೀರಿತು. ಆಮೇಲೆ ಮತ್ತೆ ವಿಶೇಷಾಧಿಕಾರಿಗಳ ಆಡಳಿತ. ಮೊದಲು ಆರು ತಿಂಗಳಿಗೆಂದು ಕಾಯ್ದೆ ತಿದ್ದಿದರು, ಆಮೇಲೆ ವಿಸ್ತರಿಸಿದರು. 2016ರ ಅಕ್ಟೋಬರಿನಿಂದ 2026ರ ಜನವರಿವರೆಗೆ ಲೆಕ್ಕ ಹಾಕಿ: 110 ತಿಂಗಳು. ಚುನಾಯಿತರು ಇದ್ದದ್ದು 60 ತಿಂಗಳು. ಉಳಿದ 50 ತಿಂಗಳು ಅಂಚೆಟ್ಟಿ, ಉರಿಗಂ, ನಾಟ್ರಾಂಪಾಳ್ಯದ ಜನರಿಗೆ ತಾವು ಮತ ಹಾಕಿ ಕೂರಿಸಿದ ಪ್ರೆಸಿಡೆಂಟ್ ಇರಲಿಲ್ಲ. ಒಂದು ವಿಧಾನಸಭೆ ಐವತ್ತು ತಿಂಗಳು ಖಾಲಿ ಬಿದ್ದಿದ್ದರೆ ದೇಶ ಸುಮ್ಮನಿರುತ್ತಿತ್ತೇ?

ಐವತ್ತು ತಿಂಗಳೆಂದರೆ ಏನೆಂದು ತಿಳಿಯಲು ಒಂದು ಗ್ರಾಮಸಭೆಯ ದಿನವನ್ನು ನೋಡಿದರೆ ಸಾಕು. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಎಲ್ಲ ಪಂಚಾಯಿತಿಗಳಲ್ಲೂ ಅದೇ ದಿನ. ಕಾನೂನಿನಂತೆ ಸಭೆಯ ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದ್ದು, ಚುನಾಯಿತರೇ ಇಲ್ಲದ ಕಾಲದಲ್ಲಿ ವಿಶೇಷಾಧಿಕಾರಿಯದ್ದು. ಗ್ರಾಮ ಪಂಚಾಯಿತಿಗಳಿಗೆ ವಿಶೇಷಾಧಿಕಾರಿ ಎಂದರೆ ಪಂಚಾಯಿತಿ ಯೂನಿಯನ್ನಿನ, ಅಂದರೆ ಬ್ಲಾಕಿನ, ಅಭಿವೃದ್ಧಿ ಅಧಿಕಾರಿ (ಬಿಡಿಒ). ಅಂಚೆಟ್ಟಿ ಸೇರಿರುವ ತಳಿ ಯೂನಿಯನ್ನಿನಲ್ಲಿ ಐವತ್ತರಷ್ಟು ಪಂಚಾಯಿತಿಗಳಿವೆ. ಒಬ್ಬ ಮನುಷ್ಯ ಅಕ್ಟೋಬರ್ 2ರ ಒಂದೇ ದಿನ ಐವತ್ತು ಊರುಗಳಲ್ಲಿ ಕೂತು ಬೋರ್‌ವೆಲ್ಲಿನ ಅಹವಾಲು ಕೇಳುವುದು ಹೇಗೆ? ಕೇಳಲಾಗದು. ಆ ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿರಲಿ, ಎಷ್ಟೇ ದುಡಿಯಲಿ, ಸಭೆ ನಡೆಸುವವರು ಕೊನೆಗೆ ಪಂಚಾಯಿತಿ ಕಾರ್ಯದರ್ಶಿಯೇ. ರೆಜಿಸ್ಟರಿನಲ್ಲಿ ಹೆಬ್ಬೆಟ್ಟು, ಸಹಿ ಬೀಳುತ್ತವೆ, ಠರಾವು ಮೇಲಕ್ಕೆ ಹೋಗುತ್ತದೆ, ಅದನ್ನು ಬೆನ್ನು ಹತ್ತಿ ಕೆಲಸ ಮಾಡಿಸುವವರು ಇರುವುದಿಲ್ಲ.

ನಾಟ್ರಾಂಪಾಳ್ಯದ ಕಡೆ ಮೋಟಾರು ಸುಟ್ಟಿತೆನ್ನಿ. ಪ್ರೆಸಿಡೆಂಟ್ ಇದ್ದಾಗ ಬೆಳಿಗ್ಗೆಯೇ ಅವರ ಮನೆ ಬಾಗಿಲಿಗೆ ಹೋಗಿ ಕೂಗುತ್ತಾರೆ, ವೈಂಡಿಂಗ್ ಅಂಗಡಿಗೆ ಅವರು ಫೋನು ಮಾಡುತ್ತಾರೆ, ಬಿಲ್ಲಿಗೆ ಅಧ್ಯಕ್ಷ-ಉಪಾಧ್ಯಕ್ಷರ ಜೋಡಿ ಸಹಿ ಆಮೇಲೆ ಬೀಳುತ್ತದೆ. ಈಗ ಕಡತ ಕಾಡು ದಾಟಿ, ದೇಂಕಣಿಕೋಟೆ ದಾಟಿ ತಳಿಗೆ ಹೋಗಬೇಕು. ಇನ್ನೊಂದು ಸಂಗತಿಯೂ ಇದೆ, ಅದನ್ನು ಚೆನ್ನೈನಲ್ಲಿ ಯಾರೂ ಎಣಿಸುವುದಿಲ್ಲ. ಈ ಭಾಗದಲ್ಲಿ ಕನ್ನಡ, ತೆಲುಗು ಮನೆಮಾತಿನವರು ಬಹಳ. ಊರಿನ ಹೆಣ್ಣುಮಗಳು ಅಧ್ಯಕ್ಷೆಯಾಗಿದ್ದರೆ ಮುದುಕಿಯೊಬ್ಬಳು ತನ್ನ ಮಾತಿನಲ್ಲೇ ಜಗಳ ಆಡಬಹುದು. ಅರ್ಜಿ ಬರೆಸಲು ಯಾರ ಕಾಲೂ ಹಿಡಿಯಬೇಕಿಲ್ಲ. ಹೆಣ್ಣುಮಗಳು ಎಂದೆ, ಏಕೆಂದರೆ ಈ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಪಂಚಾಯಿತಿ ಖಾಲಿಯಾದ ದಿನ ಆ ಮೀಸಲಾತಿಯೂ ಖಾಲಿಯಾಯಿತು.

ಮೊದಲ 38 ತಿಂಗಳು ಹೇಗೆ ಕಳೆದವು ಎಂಬುದನ್ನು ಮರೆಯಬಾರದು. 2016ರ ಅಕ್ಟೋಬರ್ 17 ಮತ್ತು 19ಕ್ಕೆ ಮತದಾನ ನಿಗದಿಯಾಗಿತ್ತು. ಪರಿಶಿಷ್ಟ ಪಂಗಡದವರ ಮೀಸಲಾತಿ ಸರಿಯಾಗಿ ಆಗಿಲ್ಲವೆಂದು ಡಿಎಂಕೆ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಅಕ್ಟೋಬರ್ 4ರಂದು ಅಧಿಸೂಚನೆ ರದ್ದಾಯಿತು. ದೂರಿನಲ್ಲಿ ಹುರುಳಿತ್ತು. ಆದರೆ ತಿದ್ದುಪಡಿಗೆ ಬೇಕಾದದ್ದು ಕೆಲವು ವಾರ, ಅಣ್ಣಾಡಿಎಂಕೆ ಸರ್ಕಾರ ತೆಗೆದುಕೊಂಡದ್ದು ಮೂರು ವರ್ಷಕ್ಕೂ ಹೆಚ್ಚು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂಬತ್ತು ಜಿಲ್ಲೆ ಬಿಟ್ಟು ಉಳಿದೆಡೆ ನಡೆಸಿ ಎಂದ ಮೇಲೆ ಕೃಷ್ಣಗಿರಿಗೆ ಮತಪೆಟ್ಟಿಗೆ ಬಂತು. ಬುಡಕಟ್ಟಿನವರ ಹೆಸರಿನಲ್ಲಿ ನಿಂತ ಚುನಾವಣೆಯಿಂದ ಅಂಚೆಟ್ಟಿ ಬೆಟ್ಟದ ಇರುಳರಿಗೆ ಆ ಮೂರು ವರ್ಷ ವಾರ್ಡ್ ಸದಸ್ಯ ಸ್ಥಾನವೂ ಇಲ್ಲದಂತಾಯಿತು. ಈ ವಿಳಂಬವನ್ನು ವಿರೋಧ ಪಕ್ಷದಲ್ಲಿದ್ದು ಖಂಡಿಸಿದ ಡಿಎಂಕೆ, ತಾನು ಆಳುವಾಗ 2025ರ ಜನವರಿಯನ್ನು ಅದೇ ರೀತಿ ದಾಟಿಸಿತು. ಕಾರಣ: ವಾರ್ಡ್ ಮರುವಿಂಗಡಣೆ, ಪಂಚಾಯಿತಿಗಳನ್ನು ನಗರಸಭೆಗೆ ಸೇರಿಸುವ ಕೆಲಸ.

ಈ ಕಾರಣ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟು ನಗರ ಸಂಸ್ಥೆಗಳ ವಿಷಯದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. 2022ರಲ್ಲಿ ಸುರೇಶ್ ಮಹಾಜನ್ ಪ್ರಕರಣದಲ್ಲಿ, ಮರುವಿಂಗಡಣೆ ಬಾಕಿಯಿದೆ ಎಂಬುದು ನೆಪವಾಗಬಾರದೆಂದೂ ಹೇಳಿತು.

ಬೆಂಗಳೂರಿನವರು ತಮಿಳುನಾಡಿನತ್ತ ಬೆರಳು ತೋರಿಸುವಂತಿಲ್ಲ. ಸಚಿವರಾಗಿದ್ದ ನಜೀರ್ ಸಾಬರು ಕಟ್ಟಿದ ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ, 1992ರಲ್ಲಿ ಅವಧಿ ಮುಗಿದಾಗ ಅವನ್ನು ಆಡಳಿತಾಧಿಕಾರಿಗಳ ಕೈಗೆ ಕೊಟ್ಟಿತು. ಈಗಿನ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಿಂದ ಅಲ್ಲಿ ಚುನಾಯಿತರಿಲ್ಲ. ಆ ವರ್ಷವೇ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಪ್ರತ್ಯೇಕ ಆಯೋಗಕ್ಕೆ ಕೊಟ್ಟರು. ಮುಂದೂಡಿಕೆಗೆ ಬಾಗಿಲು ತೆರೆದದ್ದು ಆ ತಿದ್ದುಪಡಿಯೇ.

ಗಡಿಯಾಚೆ ಕೇರಳದಲ್ಲಿರುವ ಇನ್ನೊಂದು ಕನ್ನಡ ಸೀಮೆಯನ್ನು ನೋಡಿ. ಮಂಜೇಶ್ವರ, ಕುಂಬಳೆಯ ಮತದಾರರು 1995ರಿಂದ ಐದೈದು ವರ್ಷಕ್ಕೊಮ್ಮೆ ಮತಗಟ್ಟೆಗೆ ಹೋಗಿದ್ದಾರೆ. 2020ರಲ್ಲಿ ಕೋವಿಡ್ಡಿನ ನಡುವೆಯೂ ಹೋದರು, ತಡವಾದದ್ದು ಒಂದು ತಿಂಗಳ ಆಸುಪಾಸು. 2025ರ ಡಿಸೆಂಬರಿನಲ್ಲಿ ಮತ್ತೆ ಹೋದರು. ಕೇರಳದಲ್ಲಿ ಮರುವಿಂಗಡಣಾ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಮುಖ್ಯಸ್ಥರು. ಆ ಒಂದು ಏರ್ಪಾಟಿನಿಂದ ಸಚಿವ ಸಂಪುಟದ ಕೈಯಿಂದ ನೆಪವೊಂದು ತಪ್ಪಿಹೋಗುತ್ತದೆ.

ಅಧಿಕಾರಿಗಳ ಕಾಲದಲ್ಲಿ ಕಮಿಷನ್ ಕಡಿಮೆ, ಪ್ರೆಸಿಡೆಂಟುಗಳೇನು ಸಾಚಾಗಳೇ ಎನ್ನುವವರಿದ್ದಾರೆ. ಸಾಚಾ ಅಲ್ಲದವರನ್ನು ಐದು ವರ್ಷಕ್ಕೆ ಇಳಿಸಬಹುದು. ಬಿಡಿಒರನ್ನು ಉರಿಗಂನ ಮತದಾರರು ಇಳಿಸಲಾರರು. ಉದ್ಯೋಗ ಖಾತ್ರಿಯ ಜಾಗಕ್ಕೆ ಬಂದಿರುವ ಹೊಸ ಕಾಯ್ದೆ ಕೂಡ ಕೆಲಸಗಳ ಪಟ್ಟಿ ಗ್ರಾಮ ಪಂಚಾಯಿತಿಯ ಯೋಜನೆಯಿಂದ ಬರಬೇಕು ಎನ್ನುತ್ತದೆ. ಪಂಚಾಯಿತಿಯೇ ಇಲ್ಲದ ಊರಿನ ಯೋಜನೆ ಯೂನಿಯನ್ ಆಫೀಸಿನಲ್ಲಿ ತಯಾರಾಗುತ್ತದೆ.

ಹಣಕಾಸು ಆಯೋಗದ ಷರತ್ತನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ; ಸಡಿಲಿಸಿದರೆ ಸರ್ಕಾರಗಳು ಚುನಾವಣೆಯನ್ನು ಇನ್ನೂ ಸುಲಭವಾಗಿ ಮರೆತಾವು. ಅಂಚೆಟ್ಟಿ ಪಂಚಾಯಿತಿಗೆ ತಲೆಎಣಿಕೆಯಂತೆ ಬರಬೇಕಾದ ಹಣ ಅದರದೇ ಹೆಸರಿನಲ್ಲಿ ಕೇಂದ್ರದ ಖಾತೆಯಲ್ಲಿ ಉಳಿಯಲಿ, ಚುನಾವಣೆ ಆದ ತಿಂಗಳೇ ಪೂರ್ತಿ ಕೈಗೆ ಬರಲಿ. ತಡಮಾಡಿದ ಪ್ರತಿ ತಿಂಗಳಿಗೂ ರಾಜ್ಯಕ್ಕೆ ಸಿಗುವ ಇತರ ಅನುದಾನದಲ್ಲಿ ಅಷ್ಟೇ ಮೊತ್ತ ಕಡಿತವಾಗಲಿ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ ಎರಡೂ ರಾಜ್ಯ ಚುನಾವಣಾ ಆಯೋಗಕ್ಕೆ ಸೇರಲಿ. ಇವಕ್ಕೆ ಸಂವಿಧಾನ ತಿದ್ದಬೇಕಿಲ್ಲ: ಮೊದಲೆರಡಕ್ಕೆ ಕೇಂದ್ರ ಹಣಕಾಸು ಸಚಿವಾಲಯ ತನ್ನ ಮಾರ್ಗಸೂಚಿ ಬರೆಯಬೇಕು, ಮೂರನೆಯದಕ್ಕೆ ಚೆನ್ನೈ ಮತ್ತು ಬೆಂಗಳೂರಿನ ವಿಧಾನಸಭೆಗಳು ತಮ್ಮ ಪಂಚಾಯತ್ ಕಾಯ್ದೆಗಳನ್ನು ತಿದ್ದಬೇಕು.